ಓಸ್ತಿಯಾ: ಹಡಗಿಗೆ ಕಾದವರ ಊರು

ಮುಂದಿನ ತಿಂಗಳು ಮಿಲಾನ್‌ನಲ್ಲಿ ಕ್ಲೈಂಟ್ ಜೊತೆ ಐದು ದಿನಗಳ ಕಾರ್ಯಾಗಾರವಿದೆ. ಶುಕ್ರವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ವಾಪಸು ವಿಮಾನ ಭಾನುವಾರ ರಾತ್ರಿ, ರೋಮ್‌ನಿಂದ. ನಡುವೆ ಸಿಕ್ಕಿರುವುದು ಎರಡು ದಿನ. ಇಪ್ಪತ್ತು ವರ್ಷ ಪ್ರಾಜೆಕ್ಟ್ ಪ್ಲಾನ್ ಮಾಡಿಯೇ ಹೊಟ್ಟೆ ಹೊರೆದವನು ನಾನು. ಈ ಎರಡು ದಿನಕ್ಕೂ ಒಂದು ಎಕ್ಸೆಲ್ ಹಾಳೆ ತೆರೆದೆ. ಜಾಗದ ಹೆಸರು, ಹೋಗಿಬರಲು ಬೇಕಾದ ಹೊತ್ತು, ನೋಡಲು ಬೇಕಾದ ಹೊತ್ತು. ಒಂದೇ ರಾತ್ರಿಯಲ್ಲಿ ಇಪ್ಪತ್ತಮೂರು ಸಾಲು ತುಂಬಿತು.

ಪಕ್ಕದಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದ ಅಮ್ಮ ಪರದೆಯ ಮೇಲಿನ ಚಿತ್ರಗಳನ್ನು ನೋಡಿ ಕೇಳಿದಳು: "ಈ ಬಿದ್ದ ಗೋಡೆ ನೋಡೋಕೆ ಅಷ್ಟು ದೂರ ಹೋಗ್ಬೇಕೇನೋ? ದುರ್ಗದಾಗೇ ಬೇಕಾದಷ್ಟು ಐತಲ್ಲ."

ಅವಳ ಮಾತಿನಲ್ಲಿ ಅವಳಿಗೇ ಗೊತ್ತಿಲ್ಲದ ಒಂದು ಸತ್ಯವಿತ್ತು. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದಾಗ ಶಾತವಾಹನರ ಕಾಲದ ವಸ್ತುಗಳ ಜೊತೆ ರೋಮ್ ಸಾಮ್ರಾಟ ತಿಬೇರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಶಾಲೆಯಲ್ಲಿದ್ದಾಗ ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಚಂದ್ರವಳ್ಳಿ ಅದು. ಎರಡು ಸಾವಿರ ವರ್ಷದ ಹಿಂದೆ ಒಂದು ನಾಣ್ಯ ಅಲ್ಲಿಂದ ಇಲ್ಲಿಗೆ ಬಂದಿದೆ. ನಾನು ಇಲ್ಲಿಂದ ಅಲ್ಲಿಗೆ ಎರಡು ದಿನದ ಮಟ್ಟಿಗೆ ಹೋಗಬಾರದೆ?

ಪ್ಲಾನ್ ಮಾಡುವವನ ಮೊದಲ ಕೆಲಸ ಏನು ಬಿಡಬೇಕೆಂದು ನಿರ್ಧರಿಸುವುದು. ಭಾನುವಾರವನ್ನು ರೋಮ್ ನಗರಕ್ಕೇ ಕೊಟ್ಟೆ: ಕೊಲೋಸಿಯಂ, ಫೋರಂ, ಪ್ಯಾಂಥಿಯಾನ್. ಉಳಿದದ್ದು ಶನಿವಾರ. ಎಲ್ಲರೂ ಹೇಳುವುದು ಪೊಂಪೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಮುಚ್ಚಿಹೋದ ಆ ಊರಿನಲ್ಲಿ ಭಾರತದಿಂದ ಹೋದ ದಂತದ ಪುಟ್ಟ ಸ್ತ್ರೀವಿಗ್ರಹವೊಂದು 1938ರಲ್ಲಿ ಸಿಕ್ಕಿತು. ಈಗ ಅದು ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ, 'ಪೊಂಪೆಯ ಲಕ್ಷ್ಮಿ' ಎಂದೇ ಹೆಸರು. ಆಸೆಯೇನೋ ಆಯಿತು. ಆದರೆ ರೋಮ್‌ನಿಂದ ನೇಪಲ್ಸ್, ಅಲ್ಲಿಂದ ಇನ್ನೊಂದು ರೈಲು. ಹೋಗಿಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಪೊಂಪೆಯ ಸಾಲನ್ನು ಅಳಿಸಿ ಓಸ್ತಿಯಾದ ಸಾಲನ್ನು ಉಳಿಸಿಕೊಂಡೆ.

ಓಸ್ತಿಯಾ ಆಂಟಿಕಾ ರೋಮ್‌ನ ನೈಋತ್ಯಕ್ಕೆ ಮೂವತ್ತು ಕಿಲೋಮೀಟರಿನೊಳಗೇ ಇದೆ. ಪಿರಾಮಿಡೆ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಇರುವ ಪೋರ್ತಾ ಸಾನ್ ಪಾವೊಲೊ ನಿಲ್ದಾಣದಿಂದ ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆ. ಹತ್ತುವ ಮುನ್ನ ಎದುರಿಗೇ ಕಾಣುವ ಪಿರಮಿಡ್ಡನ್ನೂ ನೋಡಿಕೊಳ್ಳಬಹುದು; ಕ್ರಿಸ್ತಪೂರ್ವದ ಕೊನೆಯ ದಶಕಗಳಲ್ಲಿ ಸೆಸ್ಟಿಯಸ್ ಎಂಬ ಶ್ರೀಮಂತನಿಗೆ ಕಟ್ಟಿದ ಗೋರಿ ಅದು. ಸೋಮವಾರ ಓಸ್ತಿಯಾಗೆ ರಜೆ, ಅಂದು ಹೋಗಬೇಡಿ. ಐದು ಗಂಟೆಯ ನಡಿಗೆಗೆ ತಕ್ಕ ಬೂಟು, ಟೋಪಿ, ನೀರು ಇಟ್ಟುಕೊಳ್ಳಿ. ಇಷ್ಟೇ ಸಿದ್ಧತೆ.

ಹತ್ತಿರವಿದೆ ಎಂಬುದೊಂದೇ ಕಾರಣವಲ್ಲ. ಪೊಂಪೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಸತ್ತ ಊರು. ಓಸ್ತಿಯಾವನ್ನು ಯಾರೂ ಕೊಲ್ಲಲಿಲ್ಲ. ಕೆಲಸ ಹುಡುಕಿ ಬಂದವರಿಂದ ಅದು ಬೆಳೆಯಿತು, ಕೆಲಸ ಹೋದ ಮೇಲೆ ನಿಧಾನವಾಗಿ ಖಾಲಿಯಾಯಿತು. ನಮ್ಮಂಥವರಿಗೆ ಅರ್ಥವಾಗುವ ಕಥೆ ಇದು.

ಲ್ಯಾಟಿನ್ನಿನಲ್ಲಿ 'ಓಸ್' ಎಂದರೆ ಬಾಯಿ. ತೈಬರ್ ನದಿ ಸಮುದ್ರ ಸೇರುವ ಬಾಯಲ್ಲಿದ್ದ ಊರು ಓಸ್ತಿಯಾ. ರೋಮ್‌ನ ನಾಲ್ಕನೆಯ ಅರಸ ಆಂಕಸ್ ಮಾರ್ಷಿಯಸ್ ಇದನ್ನು ಸ್ಥಾಪಿಸಿದನೆಂದು ರೋಮನ್ನರ ನಂಬಿಕೆ. ನೆಲದಲ್ಲಿ ಸಿಕ್ಕಿರುವ ಹಳೆಯ ಕೋಟೆಗೋಡೆ ಅದಕ್ಕಿಂತ ತುಂಬ ಈಚಿನದು. ಸಾಮ್ರಾಜ್ಯ ಬೆಳೆದಂತೆ ರೋಮ್ ನಗರದ ಜನಸಂಖ್ಯೆ ಹತ್ತು ಲಕ್ಷದ ಹತ್ತಿರ ಬಂತೆಂದು ಅಂದಾಜು. ಅಷ್ಟು ಬಾಯಿಗೆ ಸುತ್ತಲಿನ ಹೊಲ ಸಾಲದು. ಈಜಿಪ್ಟ್, ಉತ್ತರ ಆಫ್ರಿಕಾದಿಂದ ಗೋಧಿ ಬರಬೇಕು, ಸ್ಪೇನ್‌ನಿಂದ ಎಣ್ಣೆ ಬರಬೇಕು. ದೊಡ್ಡ ಹಡಗುಗಳು ತೈಬರ್‌ನಲ್ಲಿ ಮೇಲಕ್ಕೆ ಹೋಗಲಾರವು. ಸರಕನ್ನು ಇಳಿಸಿ, ಅಳೆದು, ಉಗ್ರಾಣಕ್ಕೆ ತುಂಬಿ, ಚಿಕ್ಕ ದೋಣಿಗೆ ಹಾಕಿ ರೋಮ್‌ಗೆ ಎಳೆಸಬೇಕು. ಹಮಾಲರು, ಅಳತೆಗಾರರು, ಅಂಬಿಗರು, ಹಡಗು ರಿಪೇರಿಯವರು, ಗುಮಾಸ್ತರು ಬಂದು ಸೇರಿದರು. ಎರಡನೆಯ ಶತಮಾನದ ಹೊತ್ತಿಗೆ ಸುಮಾರು 50,000 ಜನ ಇದ್ದಿರಬಹುದು.

ನದಿಯ ಬಾಯಿ ಬಂದರಿಗೆ ಸುರಕ್ಷಿತವಾಗಿರಲಿಲ್ಲ. ಹೀಗಾಗಿ ಕ್ರಿ.ಶ. 42ರಲ್ಲಿ ಸಾಮ್ರಾಟ ಕ್ಲಾಡಿಯಸ್ ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ಉತ್ತರಕ್ಕೆ ಪೋರ್ತುಸ್ ಎಂಬ ಹೊಸ ಬಂದರಿಗೆ ಕೈಹಾಕಿದ. ಅದೂ ಸಾಲಲಿಲ್ಲ. ಕ್ರಿ.ಶ. 62ರ ಬಿರುಗಾಳಿಯಲ್ಲಿ ಬಂದರಿನೊಳಗೇ ನಿಂತಿದ್ದ ಸುಮಾರು ಇನ್ನೂರು ಹಡಗುಗಳು ಹಾಳಾದವೆಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಮುಂದೆ ಟ್ರಾಜನ್ ಇನ್ನೂ ಒಳಗೆ ಆರು ಮೂಲೆಯ ಕೊಳ ತೋಡಿಸಿದ. ಒಂದೊಂದು ಬದಿಯೂ 350 ಮೀಟರಿಗಿಂತ ಉದ್ದ. ಆ ಷಟ್ಕೋನದ ಕೆರೆ ಇಂದಿಗೂ ಇದೆ, ರೋಮ್‌ನ ಫ್ಯೂಮಿಚೀನೊ ವಿಮಾನ ನಿಲ್ದಾಣದ ಪಕ್ಕದಲ್ಲೇ. ಅಂದರೆ ಇಂದಿನ ವಿಮಾನಗಳು ಇಳಿಯುವುದು ಅಂದಿನ ಹಡಗುಗಳು ಬಂದು ನಿಲ್ಲುತ್ತಿದ್ದ ಜಾಗದ ಮಗ್ಗುಲಿನಲ್ಲೇ. ನನ್ನ ಹಾಳೆಯಲ್ಲಿ ಒಂದು ಸಾಲು ಹೀಗಿದೆ: 'ವಾಪಸು ವಿಮಾನ, ಕಿಟಕಿ ಸೀಟು.'

ಶನಿವಾರದ ನಡಿಗೆಯನ್ನು ಹೀಗೆ ಬರೆದುಕೊಂಡಿದ್ದೇನೆ. ರೋಮ್ ಕಡೆಯ ಹೆಬ್ಬಾಗಿಲಿನಿಂದ ಒಳಹೊಕ್ಕರೆ ಊರಿನ ಮುಖ್ಯರಸ್ತೆ. ಬಲಕ್ಕೆ ನೆಪ್ಚೂನ್ ಸ್ನಾನಗೃಹ. ಕಪ್ಪುಬಿಳುಪು ಕಲ್ಲಿನ ಚೂರುಗಳ ಮೊಸಾಯಿಕ್ ನೆಲದಲ್ಲಿ ಸಮುದ್ರದೇವ ನಾಲ್ಕು ಜಲಕುದುರೆಗಳನ್ನು ಓಡಿಸುತ್ತಿದ್ದಾನೆ. ಅದರ ಹಿಂದೆ ಅಗ್ನಿಶಾಮಕ ದಳದ ಬಿಡಾರ. ಮುಂದೆ ರಂಗಮಂದಿರ. ರಂಗಮಂದಿರದ ಹಿಂದಿರುವ ಚೌಕದಲ್ಲಿ ಒಂದು ಗಂಟೆ ಕೂರಬೇಕು.

ಆ ಚೌಕದ ಸುತ್ತ ಅರವತ್ತರಷ್ಟು ಚಿಕ್ಕ ಕೋಣೆಗಳಿವೆ. ಪ್ರತಿ ಕೋಣೆಯ ಮುಂದೆ ಮೊಸಾಯಿಕ್ ನೆಲ, ಅದೇ ಅಂಗಡಿಯ ಬೋರ್ಡು. ಆನೆ ಇದ್ದರೆ ಅದು ಇಂದಿನ ಲಿಬಿಯಾದ ಸಬ್ರಾತಾದವರದ್ದು. ಕಾರ್ಥೇಜಿನವರು, ಸಾರ್ಡಿನಿಯಾದ ಕಾಲ್ಯಾರಿಯವರು, ಗಾಲ್ ದೇಶದ ನಾರ್ಬೋನಿನ ಹಡಗಿನವರು, ಹೀಗೆ ಒಬ್ಬೊಬ್ಬರದೂ ಒಂದೊಂದು ಗುರುತು. ದೂರದ ಊರಿನಿಂದ ಬಂದ ವ್ಯಾಪಾರಿಗೆ ತನ್ನೂರಿನವರು ಸಿಗುವ ಮೂಲೆ ಅದು. ತನ್ನ ಭಾಷೆಯಲ್ಲಿ ನಾಲ್ಕು ಮಾತಾಡಿ, ಊರಿನ ಸುದ್ದಿ ಕೇಳಿ, ಕಾಗದ ಕೊಟ್ಟು ಕಳಿಸುವ ಜಾಗವೂ ಆಗಿದ್ದಿರಬೇಕೆಂದು ನಾನು ಊಹಿಸುತ್ತೇನೆ. ಮುಂಬಯಿ, ಪುಣೆಯ ಕನ್ನಡ ಸಂಘದ ಮೆಟ್ಟಿಲು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚೌಕದಿಂದ ಮುಂದೆ ಡಯಾನಾ ಬೀದಿ. ಇಟ್ಟಿಗೆಯ ಬಹುಮಹಡಿ ಬಾಡಿಗೆ ಮನೆಗಳು, ಕೆಳಗೆ ಅಂಗಡಿ, ಮೇಲೆ ವಾಸ. ಬೀದಿಯಲ್ಲೇ ಒಂದು ಖಾನಾವಳಿ. ಕಲ್ಲಿನ ಕಟ್ಟೆ, ಗೋಡೆಯ ಮೇಲೆ ತಿನಿಸುಗಳ ಚಿತ್ರ. ಪಿ.ಜಿ.ಯಲ್ಲಿದ್ದು ಹೋಟೆಲಿನಲ್ಲಿ ಉಂಡ ನಮ್ಮ ಮೊದಲ ವರ್ಷಗಳ ಹಾಗೆಯೇ. ಇನ್ನೂ ಮುಂದೆ ಒಂದು ಉಗ್ರಾಣದ ಬಾಗಿಲ ಮೇಲೆ ಎರಡು ಹೆಸರು ಕೆತ್ತಿದೆ: ಎಪಗಾಥಸ್, ಎಪಫ್ರೊಡಿಟಸ್. ಎರಡೂ ಗ್ರೀಕ್ ಹೆಸರು. ಬಹುಶಃ ಗುಲಾಮಗಿರಿಯಿಂದ ಬಿಡುಗಡೆಯಾಗಿ ಉಗ್ರಾಣದ ಒಡೆಯರಾದವರು. ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವಾಗ ಅವರಿಗೆ ಏನನ್ನಿಸಿರಬಹುದು!

ಬಂದವರು ತಮ್ಮ ದೇವರುಗಳನ್ನೂ ತಂದರು. ಈಜಿಪ್ಟಿನ ಸೆರಾಪಿಸ್‌ಗೆ ಗುಡಿಯಿದೆ. ಪರ್ಷಿಯಾ ಮೂಲದ ಮಿತ್ರನಿಗೆ ಹದಿನೈದಕ್ಕೂ ಹೆಚ್ಚು ಗವಿಗುಡಿಗಳು ಸಿಕ್ಕಿವೆ. ಸಮುದ್ರದ ಕಡೆಯ ಬಾಗಿಲಾಚೆ ಯಹೂದಿಗಳ ಸಿನಗಾಗ್ ಇದೆ. ಅದು ಬೆಳಕಿಗೆ ಬಂದದ್ದು 1961ರಲ್ಲಿ, ವಿಮಾನ ನಿಲ್ದಾಣಕ್ಕೆ ರಸ್ತೆ ಹಾಕುವಾಗ. ಅಲ್ಲಿನ ಶಾಸನದ ಮೊದಲ ಸಾಲು ಲ್ಯಾಟಿನ್‌ನಲ್ಲಿ ಸಾಮ್ರಾಟನ ಕ್ಷೇಮ ಕೋರುತ್ತದೆ, ಉಳಿದದ್ದು ಗ್ರೀಕ್. ಆಳುವವರ ಭಾಷೆಯಲ್ಲಿ ಒಂದು ನಮಸ್ಕಾರ, ಆಮೇಲೆ ತಮ್ಮ ಮಾತು. ವಲಸಿಗರ ಜಾಣತನ ಹಳೆಯದು.

ಈಗ ಸಮುದ್ರ ಅಲ್ಲಿಲ್ಲ. ನದಿ ತಂದ ಹೂಳು ತುಂಬಿ ತೀರ ಸುಮಾರು ಮೂರು ಕಿಲೋಮೀಟರ್ ಹಿಂದೆ ಸರಿದಿದೆ. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಪೋರ್ತುಸ್‌ಗೇ ಪ್ರತ್ಯೇಕ ನಗರದ ಹಕ್ಕು ಕೊಟ್ಟ. ವ್ಯಾಪಾರ ಅತ್ತ ಸರಿಯಿತು. ಕೆಲಸ ಸರಿದ ಕಡೆ ಜನ ಸರಿದರು. 1557ರ ಪ್ರವಾಹದಲ್ಲಿ ನದಿಯೂ ಹಾದಿ ಬದಲಿಸಿತು. ಮತ್ತೆ ಊರನ್ನು ಬೆಳಕಿಗೆ ತಂದ ಕಥೆ ಕೇಳಿ ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ನಗುವೂ ಬಂತು, ಸಂಕಟವೂ ಆಯಿತು. 1942ರಲ್ಲಿ ರೋಮ್‌ನಲ್ಲಿ ವಿಶ್ವ ಪ್ರದರ್ಶನ ನಡೆಸಲು ಮುಸೊಲಿನಿಯ ಸರ್ಕಾರ ಹೊರಟಿತ್ತು. ಅದಕ್ಕಾಗಿ 1938ರಿಂದ ಅವಸರದಲ್ಲಿ ಓಸ್ತಿಯಾವನ್ನು ಅಗೆದರು. ಮೇಲಿನ ಪದರಗಳನ್ನು, ಅಂದರೆ ಊರಿನ ಕೊನೆಯ ಶತಮಾನಗಳನ್ನು, ಸರಿಯಾಗಿ ದಾಖಲಿಸದೆಯೇ ಎತ್ತಿಹಾಕಿದರು. ಯುದ್ಧ ಬಂದು ಪ್ರದರ್ಶನ ನಡೆಯಲೇ ಇಲ್ಲ. ಡೆಡ್‌ಲೈನ್ ಹೋಯಿತು, ಡಾಕ್ಯುಮೆಂಟೇಶನ್ನೂ ಇಲ್ಲ. ಕೊನೆಯವರೆಗೂ ಆ ಊರಲ್ಲಿ ಉಳಿದವರ ಬದುಕು ಮಣ್ಣಿನ ಬುಟ್ಟಿಗಳಲ್ಲಿ ಹೋಯಿತು.

ಆ ಕೊನೆಯ ಶತಮಾನಗಳ ಒಂದು ಕಥೆ ಮಾತ್ರ ಕಾಗದದ ಮೇಲೆ ಉಳಿದಿದೆ. ನಾನು ಓಸ್ತಿಯಾವನ್ನು ಆರಿಸಲು ನಿಜವಾದ ಕಾರಣ ಅದು.

ಇಂದಿನ ಅಲ್ಜೀರಿಯಾದ ತಗಾಸ್ತೆ ಎಂಬ ಸಣ್ಣ ಊರಿನಲ್ಲಿ ಮೋನಿಕಾ ಎಂಬ ವಿಧವೆ. ಮಗ ಅಗಸ್ಟೀನ್ ಬುದ್ಧಿವಂತ. ದೊಡ್ಡ ಊರಿನಲ್ಲಿ ದೊಡ್ಡ ಕೆಲಸ ಬೇಕು. ತಾಯಿ ಬಿಡಲೊಲ್ಲಳು. ಅವನು ಅವಳಿಗೆ ಸುಳ್ಳು ಹೇಳಿ ಕಾರ್ಥೇಜಿನಿಂದ ರಾತ್ರಿಯ ಹಡಗು ಹತ್ತಿ ರೋಮ್‌ಗೆ ಹೊರಟುಹೋದ. ಅಲ್ಲಿಂದ ಮಿಲಾನ್‌ಗೆ ಹೋಗಿ ವಾಕ್‌ಕಲೆಯ ಪ್ರಾಧ್ಯಾಪಕನಾದ. ತಾಯಿ ಸಮುದ್ರ ದಾಟಿ ಅವನ ಹಿಂದೆಯೇ ಬಂದಳು. ಕ್ರಿ.ಶ. 387ರಲ್ಲಿ ಮಿಲಾನ್‌ನಲ್ಲಿ ಕ್ರೈಸ್ತದೀಕ್ಷೆ ಪಡೆದ ಅಗಸ್ಟೀನ್ ಎಲ್ಲವನ್ನೂ ಬಿಟ್ಟು ಊರಿಗೆ ಹೊರಟ. ತಾಯಿ ಮಕ್ಕಳು ಓಸ್ತಿಯಾಗೆ ಬಂದು ಆಫ್ರಿಕಾದ ಹಡಗಿಗೆ ಕಾಯುತ್ತಿದ್ದರು. ಅಲ್ಲೇ ಮೋನಿಕಾಗೆ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡಳು. ಅವಳಿಗೆ ಐವತ್ತಾರು, ಅವನಿಗೆ ಮೂವತ್ತಮೂರು.

ಮೋನಿಕಾ ತನ್ನೂರಿನಲ್ಲಿ ಗಂಡನ ಪಕ್ಕದಲ್ಲೇ ತನ್ನ ಗೋರಿಗೆ ಜಾಗ ಸಿದ್ಧ ಮಾಡಿಸಿಟ್ಟಿದ್ದಳು. ಸಮುದ್ರ ದಾಟಿ ಹೋದರೂ ಕೊನೆಗೆ ಒಂದೇ ಮಣ್ಣಿನಲ್ಲಿ ಸೇರಬೇಕೆಂದು ಅವಳ ಆಸೆ. ಜ್ವರದಲ್ಲಿ ಮಲಗಿದ್ದಾಗ ಇನ್ನೊಬ್ಬ ಮಗ, ಪರದೇಶದಲ್ಲಲ್ಲ, ನಮ್ಮೂರಲ್ಲೇ ಆಗಲಿ ಎಂಬರ್ಥದ ಮಾತಾಡಿದ. ಅವಳು ಅವನನ್ನು ಗದರುವ ಕಣ್ಣಿನಿಂದ ನೋಡಿ, ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಅದರ ಚಿಂತೆ ನಿಮಗೆ ಬೇಡ, ಪ್ರಾರ್ಥನೆಯಲ್ಲಿ ನೆನೆಸಿಕೊಂಡರೆ ಸಾಕು ಎಂದಳಂತೆ. ಇದನ್ನೆಲ್ಲ ಅಗಸ್ಟೀನ್ ತನ್ನ 'ಕನ್ಫೆಷನ್ಸ್' ಗ್ರಂಥದ ಒಂಬತ್ತನೆಯ ಭಾಗದಲ್ಲಿ ಬರೆದಿದ್ದಾನೆ. 1945ರಲ್ಲಿ ಓಸ್ತಿಯಾದ ಸಾಂತಾ ಔರೆಯಾ ಚರ್ಚಿನ ಬಳಿ ಇಬ್ಬರು ಹುಡುಗರು ಕಂಬ ನೆಡಲು ಗುಂಡಿ ತೋಡುವಾಗ ಅವಳ ಗೋರಿಯ ಶಾಸನದ ತುಂಡು ಸಿಕ್ಕಿತು. ಶನಿವಾರದ ಕೊನೆಯ ಒಂದು ಗಂಟೆಯನ್ನು ಆ ಚರ್ಚಿಗೆ ಕೊಟ್ಟಿದ್ದೇನೆ.

ನಮ್ಮಲ್ಲೂ ಹೂಳುವ ಪದ್ಧತಿ. ದುರ್ಗದ ಹೊರಗಿನ ಹೊಲದಲ್ಲಿ ಅಪ್ಪನ ಸಮಾಧಿ ಇದೆ. ಪಕ್ಕದಲ್ಲಿ ಜಾಗ ಬಿಟ್ಟಿದೆ. ಪುಣೆಗೆ ಬಂದು ಒಂಬತ್ತು ವರ್ಷವಾದರೂ ಅಮ್ಮ ವರ್ಷಕ್ಕೊಮ್ಮೆ ಹೋಗಿ ಅಲ್ಲಿ ಕಳೆ ಕೀಳಿಸಿ ಬರುತ್ತಾಳೆ. ಈ ವರ್ಷ ಆ ಹೊಲಕ್ಕೆ ಒಳ್ಳೆಯ ಬೆಲೆ ಬಂದಿದೆ. ಮಾರಿದರೆ ಇಲ್ಲಿನ ಫ್ಲ್ಯಾಟಿನ ಸಾಲ ತೀರುತ್ತದೆ. "ನಿಂಗೆ ಹೆಂಗೆ ಅನುಕೂಲನೋ ಹಂಗೆ ಮಾಡಪ್ಪ" ಎಂದಿದ್ದಾಳೆ ಅಮ್ಮ. ಮೋನಿಕಾಳ ಕಥೆಯನ್ನು ಮೊದಲು ಓದಿದಾಗ ನನಗೆ ಹಗುರಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನೋಡು, ಸಾವಿರದ ಆರುನೂರು ವರ್ಷದ ಹಿಂದೆಯೇ ಒಬ್ಬ ತಾಯಿ ಮಗನನ್ನು ಬಿಡುಗಡೆ ಮಾಡಿದ್ದಾಳೆ ಎಂದುಕೊಂಡೆ.

ಎರಡನೆಯ ಸಲ ಓದಿದಾಗ ಬೇರೆಯದೇ ಕಂಡಿತು. ಮೋನಿಕಾ ಆ ಮಾತನ್ನು ತನ್ನ ನಂಬಿಕೆಯ ಬಲದಿಂದ ಆಡಿದಳು. ತನ್ನ ದೇವರು ಎಲ್ಲಿದ್ದರೂ ತನ್ನನ್ನು ಗುರುತಿಸುತ್ತಾನೆಂದು ಅವಳಿಗೆ ಭರವಸೆಯಿತ್ತು. ನನ್ನ ಅಮ್ಮ ಆಡಿದ್ದು ಆ ಮಾತಲ್ಲ, ಅನುಕೂಲದ ಮಾತು. ನನ್ನ ಅನುಕೂಲಕ್ಕಾಗಿ ಆಡಿದ ಮಾತು. ಎಲ್ಲಾದರೂ ಹೂಳಿ ಎಂಬುದು ತಾಯಿ ತಾನಾಗಿ ಕೊಡಬೇಕಾದ ಬಿಡುಗಡೆ, ಮಗ ಹೇಳಿಸಿಕೊಳ್ಳುವಂಥದ್ದಲ್ಲ.

ನಿನ್ನೆ ರಾತ್ರಿ ಊರಿಗೆ ಫೋನ್ ಮಾಡಿದೆ. ಹೊಲ ಮಾರೋಣ, ಆದರೆ ಬದುವಿನ ಕಡೆಯ ಎರಡು ಗುಂಟೆಯನ್ನು ಪತ್ರದಿಂದ ಹೊರಗಿಡಬೇಕು, ಅಲ್ಲಿಗೆ ಹೋಗಲು ಕಾಲುದಾರಿಯೂ ಇರಬೇಕು ಎಂದೆ. ಬೆಲೆ ಸ್ವಲ್ಪ ಇಳಿಯುತ್ತದಂತೆ. ಇಳಿಯಲಿ.

ಅಮ್ಮನಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಬಿದ್ದ ಗೋಡೆ ಊರಿಗೆ ಯಾವತ್ತು ಹೊರಡ್ತೀಯ? ಚಟ್ನಿಪುಡಿ ಮಾಡಿಕೊಡ್ತೀನಿ" ಎಂದಳು. ಹಾಳೆಯಲ್ಲಿ ಒಂದು ಸಾಲು ಸೇರಿಸಿದೆ.