ಲಂಡನ್ನಿನ ಸಿತಾರ, ಜಕನೂರಿನ ಅಂಗಡಿ

ಅಣ್ಣಿಗೇರಿಯ ಅಮೃತೇಶ್ವರ ಗುಡಿ ಮುಂದೆ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದೆವು. ಆದಿಕವಿ ಪಂಪನ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ. ಚಾಲುಕ್ಯರ ಕಾಲದ ಗುಡಿ, ಎಪ್ಪತ್ತಾರು ಕಂಬ, ಕಪ್ಪು ಕಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲು. ಬೆಳಕು ಇಳಿಯಲಿ ಅಂತ ಕಾಯುತ್ತಿದ್ದ ನಮ್ಮ ಕ್ಯಾಮೆರಾಮನ್ ಹುಡುಗ ಮೊಬೈಲಿನಲ್ಲಿ ಒಂದು ಹಾಡು ಹಚ್ಚಿದ. ಬೀಟಲ್ಸ್ ತಂಡದ್ದು, 1967ರ ಹಾಡು. ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಕಿವಿ ಕೊಟ್ಟರು. ಊರಿನ ಭಜನಾ ಮೇಳದಲ್ಲಿ ಹಾಡುವವರು.

“ತಮ್ಮಾ, ಇದೇನೋ ಇದು? ತಂಬೂರಿ ಶ್ರುತಿ ಹಿಡದಂಗ ಐತಿ, ಹಾಡಾಂವ ಮಾತ್ರ ಇಂಗ್ಲಿಷನಾಂವ ಅದಾನ.”

“ಹೌದ್ರೀ ಅಜ್ಜಾರ, ಅದು ತಂಬೂರಿನೇ,” ಅಂದೆ.

“ಹಂಗಾರ ತಂಬೂರಿ ಬಾರ್ಸಿದಾಂವ ಯಾರು? ಅವನ ಹೆಸರೇನು?”

ನೋಡಿ, ದಿನಾ ಸಂಜೆ ಸ್ಟುಡಿಯೋದಲ್ಲಿ ಕೂತು ಮಂತ್ರಿಗಳಿಗೆ ಪ್ರಶ್ನೆ ಕೇಳೋದು ನನ್ನ ಕೆಲಸ. ಆವತ್ತು ಅಜ್ಜ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿಗೆ ಬಂದು ಹುಡುಕಿದೆ. ಹುಡುಕುತ್ತಾ ಹೋದರೆ ಸಿಕ್ಕಿದ್ದು ನಮ್ಮದೇ ಸೀಮೆಯ ಒಬ್ಬ ಮನುಷ್ಯ. ಆ ಕತೆಯನ್ನೇ ಇವತ್ತು ಹೇಳ್ತೀನಿ.

ಮೊದಲು ಆ ಕಾಲದ ಬಗ್ಗೆ ಎರಡು ಮಾತು. 1965ರಿಂದ 1969ರವರೆಗೆ ಬ್ರಿಟನ್ನಿನಲ್ಲಿ ಹುಟ್ಟಿದ ಒಂದು ಬಗೆಯ ಸಂಗೀತವನ್ನ ಸೈಕೆಡೆಲಿಕ್ ರಾಕ್ ಅಂತ ಕರೀತಾರೆ. ಸೈಕೆಡೆಲಿಕ್ ಅನ್ನೋ ಪದವನ್ನ 1950ರ ದಶಕದಲ್ಲಿ ಹುಟ್ಟಿಸಿದವನು ಹಂಫ್ರಿ ಆಸ್ಮಂಡ್ ಅನ್ನೋ ಬ್ರಿಟಿಷ್ ಮನೋವೈದ್ಯ. ಮನಸ್ಸನ್ನ ಬಿಚ್ಚಿ ತೋರಿಸುವಂಥದ್ದು ಅನ್ನೋದು ಅದರ ಅರ್ಥ. ಎಲ್‌ಎಸ್‌ಡಿ ಅನ್ನೋ ಮಾದಕ ವಸ್ತುವಿನ ನೆರಳು ಈ ಸಂಗೀತದ ಮೇಲಿತ್ತು, ಅದನ್ನ ಮುಚ್ಚಿಡೋದು ಬೇಡ. ಆದರೆ ಅಷ್ಟೇ ಅಲ್ಲ. ಟೇಪನ್ನ ಉಲ್ಟಾ ಓಡಿಸೋದು, ಗಿಟಾರಿನ ದನಿಯನ್ನ ಬೇಕಂತಲೇ ಒಡೆದು ಗೊರಗೊರ ಅನ್ನಿಸೋದು, ಒಂದೇ ಸ್ವರವನ್ನ ಹಿಡಿದು ಅದರ ಮೇಲೆ ಹಾಡು ಕಟ್ಟೋದು, ಇಂಥ ಪ್ರಯೋಗ ಬಹಳ ನಡೆದವು.

ಈ ಕೊನೆಯದು ಮುಖ್ಯ. ಅವರ ಪಾಪ್ ಹಾಡಿನಲ್ಲಿ ಸ್ವರಮೇಳಗಳು ಬದಲಾಗುತ್ತಾ ಹೋಗಬೇಕು. ನಮ್ಮಲ್ಲಿ ಶ್ರುತಿ ಕದಲೋದಿಲ್ಲ. ಶಿಶುನಾಳ ಶರೀಫರ ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ ನೋಡಿದ್ದೀರಲ್ಲ, ಒಂದೇ ತಂತಿ, ಒಂದೇ ನಾದ, ಅದರ ಮೇಲೆ ಇಡೀ ರಾತ್ರಿ ಹಾಡ್ತಾರೆ. ಲಂಡನ್ನಿನ ಹುಡುಗರಿಗೆ ಅದು ಹೊಸ ಲೋಕದ ಬಾಗಿಲಾಗಿ ಕಂಡಿತು.

ಆ ಬಾಗಿಲು ತಟ್ಟಿದವರಲ್ಲಿ ಬೀಟಲ್ಸ್ ಮೊದಲಿನವರೇನಲ್ಲ. 1965ರ ಏಪ್ರಿಲ್‌ನಲ್ಲಿ ಯಾರ್ಡ್‌ಬರ್ಡ್ಸ್ ಅನ್ನೋ ತಂಡ ಒಂದು ಹಾಡಿಗಾಗಿ ಭಾರತೀಯ ಸಿತಾರ ವಾದಕನೊಬ್ಬನನ್ನ ಸ್ಟುಡಿಯೋಕ್ಕೆ ಕರೆಸಿತು. ಅವರಿಗೆ ಬೇಕಾದ ಏಟು ಸಿತಾರದಲ್ಲಿ ಬರಲಿಲ್ಲ. ಕೊನೆಗೆ ಜೆಫ್ ಬೆಕ್ ಅದೇ ನುಡಿಸಾಣಿಕೆಯನ್ನ ಗಿಟಾರಿನಲ್ಲಿ ಅನುಕರಿಸಿದ, ಹಾಡು ಗೆದ್ದಿತು. ಅದೇ ವರ್ಷ ಕಿಂಕ್ಸ್ ತಂಡದ ರೇ ಡೇವಿಸ್ ಒಂದು ಹಾಡು ಮಾಡಿದ. ಅದಕ್ಕೆ ಪ್ರೇರಣೆ ಏನು ಗೊತ್ತೇ? ಪ್ರವಾಸದ ದಾರಿಯಲ್ಲಿ ಮುಂಬೈಯಲ್ಲಿ ಇಳಿದಾಗ ಬೆಳಗಿನ ಜಾವ ಕೆಲಸಕ್ಕೆ ಹೊರಟ ಮೀನುಗಾರರು ಹಾಡಿಕೊಳ್ಳುತ್ತಿದ್ದ ದನಿ. ಗಿಟಾರನ್ನೇ ತಂಬೂರಿಯಂತೆ ಮೊರೆಯಿಸಿ ಅದನ್ನ ಹಿಡಿದಿಟ್ಟ.

ಆಮೇಲೆ ಬಂದ ತಂಡಗಳ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಟುಮಾರೋ, ಕೆಲೈಡೊಸ್ಕೋಪ್, ಜುಲೈ, ಪ್ರೆಟಿ ಥಿಂಗ್ಸ್, ಜಾಂಬೀಸ್. ಜಾಂಬೀಸ್ ತಂಡದ ಕತೆ ಕೇಳಿ. 1968ರಲ್ಲಿ ಅವರ ‘ಒಡೆಸಿ ಅಂಡ್ ಒರಾಕಲ್’ ಅನ್ನೋ ರೆಕಾರ್ಡ್ ಬಂತು. ಮುಖಪುಟ ಬರೆದ ಕಲಾವಿದ ‘ಒಡೆಸಿ’ ಪದದ ಕಾಗುಣಿತವನ್ನೇ ತಪ್ಪು ಬರೆದಿದ್ದ, ಅದು ಹಾಗೇ ಅಚ್ಚಾಯಿತು. ರೆಕಾರ್ಡ್ ಅಂಗಡಿಗೆ ಬರುವ ಹೊತ್ತಿಗೆ ತಂಡವೇ ಒಡೆದಿತ್ತು. ಅದರ ಕೊನೇ ಹಾಡು 1969ರಲ್ಲಿ ಅಮೆರಿಕದಲ್ಲಿ ಮೂರನೇ ಸ್ಥಾನಕ್ಕೆ ಏರಿದಾಗ ಆ ಗೆಲುವನ್ನ ಆಚರಿಸೋಕೆ ತಂಡವೇ ಇರಲಿಲ್ಲ. ಪ್ರೆಟಿ ಥಿಂಗ್ಸ್ ತಂಡ 1968ರ ಡಿಸೆಂಬರ್‌ನಲ್ಲಿ ಒಬ್ಬ ಮನುಷ್ಯನ ಹುಟ್ಟಿನಿಂದ ಮುಪ್ಪಿನವರೆಗಿನ ಕತೆಯನ್ನ ಇಡೀ ರೆಕಾರ್ಡಿನ ಉದ್ದಕ್ಕೂ ಹಾಡಿತು. ಆಗ ಕೊಳ್ಳುವವರು ಕಡಿಮೆ, ಈಗ ಹುಡುಕುವವರು ಜಾಸ್ತಿ.

ಇಷ್ಟು ಹೇಳಿ ನಮ್ಮ ಕತೆಗೆ ಬರ್ತೀನಿ. ಈ ಹುಡುಗರಿಗೆ ಸಿತಾರ, ತಬಲಾ, ತಂಬೂರಿ ಬೇಕಾದಾಗ ಯಾರನ್ನ ಕೇಳಬೇಕಿತ್ತು? ಲಂಡನ್ನಿನಲ್ಲಿ ಅದಕ್ಕೊಂದು ವಿಳಾಸ ಇತ್ತು. ಏಷಿಯನ್ ಮ್ಯೂಸಿಕ್ ಸರ್ಕಲ್. ಅದನ್ನ ಕಟ್ಟಿದವರ ಹೆಸರು ಅಯನ ದೇವ ಅಂಗಡಿ.

ಅಂಗಡಿ! ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆಯವರಿಗೆ ಈ ಅಡ್ಡಹೆಸರು ಕೇಳಿದ ಕೂಡಲೇ ಊರಿನ ಮಂದಿ ನೆನಪಾಗ್ತಾರೆ. ಲಂಡನ್ನಿನ ಸಂಗೀತದ ಇತಿಹಾಸ ಬರೆದ ಇಂಗ್ಲಿಷಿನವರಿಗೆ ಅದು ಬರೀ ಒಂದು ವಿದೇಶಿ ಹೆಸರು. 1903ರಲ್ಲಿ ಅಂದಿನ ಮುಂಬೈ ಪ್ರಾಂತ್ಯದ, ಇಂದಿನ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿದವರು ಅವರು. 1924ರಲ್ಲಿ ಲಂಡನ್ನಿಗೆ ಹೋದರು. ಐಸಿಎಸ್ ಪಾಸು ಮಾಡಿ ಸಾಹೇಬರಾಗಿ ಬರಲಿ ಅನ್ನೋದು ಆಸೆ. ಆದರೆ ಅಂಗಡಿಯವರು ಸಾಹೇಬರಾಗಲಿಲ್ಲ. ಎಡಪಂಥದ ರಾಜಕೀಯಕ್ಕೆ ಇಳಿದರು, ಬ್ರಿಟಿಷ್ ಸಾಮ್ರಾಜ್ಯದ ವಿರುದ್ಧ ಅದರ ರಾಜಧಾನಿಯಲ್ಲೇ ನಿಂತು ಭಾಷಣ ಮಾಡಿದರು, ಬೇರೆ ಹೆಸರು ಇಟ್ಟುಕೊಂಡು ಬರೆದರು.

1943ರಲ್ಲಿ ಪೆಟ್ರೀಷಿಯಾ ಫೆಲ್-ಕ್ಲಾರ್ಕ್ ಅನ್ನೋ ಶ್ರೀಮಂತರ ಮನೆ ಹೆಣ್ಣುಮಗಳನ್ನ ಮದುವೆಯಾದರು. ಆಕೆ ಚಿತ್ರ ಬರೆಯುತ್ತಿದ್ದವರು, ಮುಂದೆ ಎಪ್ಪತ್ತರ ವಯಸ್ಸಿನಲ್ಲಿ ಕಾದಂಬರಿಗಾರ್ತಿಯೂ ಆದರು. ಬಿಳಿ ಹೆಣ್ಣು, ಭಾರತದ ಗಂಡು, ಅದೂ ಯುದ್ಧದ ಕಾಲ. ಆ ಮದುವೆಗೆ ಎಷ್ಟು ಧೈರ್ಯ ಬೇಕಾಗಿತ್ತು ಅಂತ ನೀವೇ ಯೋಚನೆ ಮಾಡಿ.

1946ರಲ್ಲಿ ಗಂಡ ಹೆಂಡತಿ ಸೇರಿ ಏಷಿಯನ್ ಮ್ಯೂಸಿಕ್ ಸರ್ಕಲ್ ಶುರು ಮಾಡಿದರು. ಉತ್ತರ ಲಂಡನ್ನಿನ ಫಿಂಚ್ಲಿಯ ಫಿಟ್ಜಾಲನ್ ರಸ್ತೆಯ ಅವರ ಮನೆಯೇ ಒಂದು ಕಲಾಶಾಲೆಯಾಯಿತು. ಜಗತ್ತಿನ ದೊಡ್ಡ ಪಿಟೀಲು ವಾದಕ ಯೆಹೂದಿ ಮೆನುಹಿನ್ ಆ ಸಂಸ್ಥೆಯ ಅಧ್ಯಕ್ಷರಾದರು. ರವಿಶಂಕರ್, ವಿಲಾಯತ್ ಖಾನ್ ಅವರಂಥ ಕಲಾವಿದರನ್ನ ಬ್ರಿಟಿಷ್ ಶ್ರೋತೃಗಳ ಮುಂದೆ ಕೂರಿಸಿದ್ದು ಈ ಸಂಸ್ಥೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಲಂಡನ್ನಿನಲ್ಲಿ ಪಾಠ ಹೇಳಲು ನೆರವಾದದ್ದೂ ಇದೇ ಸಂಸ್ಥೆ. ಅದೇ ಅಯ್ಯಂಗಾರರು 1936ರಲ್ಲಿ, ಇನ್ನೂ ಹದಿನೇಳರ ಹುಡುಗ, ಗುರು ಕೃಷ್ಣಮಾಚಾರ್ಯರ ಜೊತೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆ ಯೋಗ ಪ್ರದರ್ಶನಕ್ಕೆ ಬಂದಿದ್ದರು.

1965ರ ಅಕ್ಟೋಬರ್. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಲಂಡನ್ನಿನ ಇಂಡಿಯಾಕ್ರಾಫ್ಟ್ ಮಳಿಗೆಯಲ್ಲಿ ಕೊಂಡ ಸಿತಾರವನ್ನ ಮೊದಲ ಸಲ ಒಂದು ಹಾಡಿಗೆ ಬಳಸುತ್ತಿದ್ದ. ತಂತಿ ಹರೀತು. ಸಿತಾರದ ತಂತಿ ರಾತ್ರೋರಾತ್ರಿ ಎಲ್ಲಿ ಸಿಗಬೇಕು? ಅಂಗಡಿಯವರ ಮನೆಗೆ ಫೋನ್ ಹೋಯಿತು. ಅವರ ಮನೆಯವರು ಹೇಳುವ ಪ್ರಕಾರ, ಇಡೀ ಸಂಸಾರ ತಂತಿ ತಗೊಂಡು ಸ್ಟುಡಿಯೋಕ್ಕೆ ಹೋಗಿ ಕೊಟ್ಟು, ಅಲ್ಲೇ ನಿಂತು ರೆಕಾರ್ಡಿಂಗ್ ನೋಡಿತು. ಅಲ್ಲಿಂದ ಪರಿಚಯ ಬೆಳೀತು. ಹ್ಯಾರಿಸನ್‌ಗೆ ಪಾಠ ಹೇಳುವವರನ್ನ ಹುಡುಕಿಕೊಟ್ಟರು. 1966ರ ಜೂನ್‌ನಲ್ಲಿ ಹ್ಯಾರಿಸನ್ ಮೊದಲ ಬಾರಿಗೆ ರವಿಶಂಕರ್ ಅವರನ್ನ ಕಂಡದ್ದೂ ಫಿಂಚ್ಲಿಯ ಅದೇ ಮನೆಯಲ್ಲಿ ಅಂತ ಅವನ ಬಗ್ಗೆ ಬರೆದ ಬಹಳ ಜನ ದಾಖಲಿಸಿದ್ದಾರೆ.

1966ರ ಏಪ್ರಿಲ್ 11. ‘ರಿವಾಲ್ವರ್’ ರೆಕಾರ್ಡಿನ ಒಂದು ಹಾಡಿಗೆ ತಬಲಾ ನುಡಿಸಲು ಅಂಗಡಿಯವರ ಮೂಲಕ ಹೋದವರು ಅನಿಲ್ ಭಾಗವತ್. ರೆಕಾರ್ಡಿನ ಕವರಿನ ಮೇಲೆ ಅವರ ಹೆಸರು ಬಂತು. ಆ ಕಾಲಕ್ಕೆ ಅದೇ ದೊಡ್ಡ ವಿಷಯ.

ಮುಂದಿನ ವರ್ಷ ಮಾರ್ಚ್ 15. ಅಣ್ಣಿಗೇರಿಯಲ್ಲಿ ಅಜ್ಜ ಕೇಳಿದ ಹಾಡು ಇದೇ. ಲಂಡನ್ನಿನ ಸ್ಟುಡಿಯೋ ನೆಲಕ್ಕೆ ಜಮಖಾನೆ ಹಾಸಿದರು, ಊದಿನಕಡ್ಡಿ ಹಚ್ಚಿದರು. ಹ್ಯಾರಿಸನ್ ಬಿಟ್ಟರೆ ಬೀಟಲ್ಸ್‌ನ ಉಳಿದ ಮೂವರು ಆ ಹಾಡಿನಲ್ಲಿ ಇಲ್ಲವೇ ಇಲ್ಲ. ನುಡಿಸಿದವರು ಏಷಿಯನ್ ಮ್ಯೂಸಿಕ್ ಸರ್ಕಲ್‌ನ ವಾದಕರು. ದಿಲ್‌ರುಬಾ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತೆ, ನಮ್ಮವರು ಮೀಂಡ್ ಅಂತಾರಲ್ಲ, ಅದು. ಏಪ್ರಿಲ್ 3ಕ್ಕೆ ಎಂಟು ಪಿಟೀಲು, ಮೂರು ಸೆಲ್ಲೋ ನುಡಿಸುವ ಲಂಡನ್ನಿನ ಪಳಗಿದ ಕಲಾವಿದರು ಬಂದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಗೆ ಸ್ವರಲಿಪಿ ಬರೆದುಕೊಟ್ಟಿದ್ದ. ಆದರೆ ಮೀಂಡ್ ಅನ್ನೋದು ಕಾಗದದ ಮೇಲೆ ಕೂರುತ್ತಾ? ದಿಲ್‌ರುಬಾದ ಜಾರುವಿಕೆಯನ್ನ ಹಿಂಬಾಲಿಸೋಕೆ ಅವರು ಬೆವರಿಳಿಸಬೇಕಾಯಿತು.

1967ರ ಬೇಸಿಗೆಯಲ್ಲಿ ‘ಸಾರ್ಜೆಂಟ್ ಪೆಪ್ಪರ್’ ರೆಕಾರ್ಡ್ ಬಂತು. ಮುಖಪುಟದ ಮೇಲೆ ಎಷ್ಟೊಂದು ಮುಖಗಳು! ಪರಮಹಂಸ ಯೋಗಾನಂದರಿದ್ದಾರೆ, ಸಿನಿಮಾ ನಟರಿದ್ದಾರೆ, ಬಾಕ್ಸರ್ ಇದ್ದಾನೆ. ತಂಬೂರಿ ನುಡಿಸಿದವರ ಹೆಸರು ಮಾತ್ರ ಇಲ್ಲ. ಬುದ್ಧದೇವ್ ಕನ್ಸಾರಾ ತಂಬೂರಿ, ನಟ್ವರ್ ಸೋನಿ ತಬಲಾ, ಅಣ್ಣಾ ಜೋಶಿ ಮತ್ತು ಅಮೃತ್ ಗಜ್ಜರ್ ದಿಲ್‌ರುಬಾ. ಜಗತ್ತು ಈ ನಾಲ್ಕು ಹೆಸರು ಗಟ್ಟಿಯಾಗಿ ಹೇಳಿದ್ದು ಆ ರೆಕಾರ್ಡಿಗೆ ಐವತ್ತು ವರ್ಷ ತುಂಬಿದ 2017ರ ಹೊತ್ತಿಗೆ. ಅರ್ಧ ಶತಮಾನ!

ಈಗ ನನ್ನ ಕಸುಬಿನ ಒಂದು ಗುಟ್ಟು ಹೇಳ್ತೀನಿ. ಈ ವಿಷಯ ಸಿಕ್ಕಾಗ ನಮ್ಮ ಡೆಸ್ಕಿನಲ್ಲಿ ತಕ್ಷಣ ಹೊಳೆದ ತಲೆಬರಹ, “ಬೀಟಲ್ಸ್‌ಗೆ ಗುರು ಕನ್ನಡಿಗ!” ಬೇಡ ಅಂದೆ. ಅದು ಸುಳ್ಳು. ಅಂಗಡಿಯವರು ಸಿತಾರ ಕಲಿಸಲಿಲ್ಲ, ಹಾಡು ಬರೆಯಲಿಲ್ಲ. ಅವರು ಮಾಡಿದ್ದು ಸೇರಿಸುವ ಕೆಲಸ. ವಾದಕನಿಗೆ ವೇದಿಕೆ ಸೇರಿಸಿದರು, ಕಲಿಯುವವನಿಗೆ ಕಲಿಸುವವರನ್ನ ಸೇರಿಸಿದರು. ಮದುವೆ ಮನೆಯಲ್ಲಿ ನೆಂಟಸ್ತನ ಕುದುರಿಸಿದವನ ಫೋಟೋ ಯಾವ ಆಲ್ಬಮ್ಮಿನಲ್ಲೂ ಇರೋದಿಲ್ಲ ನೋಡಿ, ಹಾಗೆ. ರವಿಶಂಕರ್ ಮತ್ತು ಹ್ಯಾರಿಸನ್ ಜಗತ್ಪ್ರಸಿದ್ಧ ಗುರುಶಿಷ್ಯರಾದರು. ಇಬ್ಬರನ್ನೂ ಒಂದೇ ಸೂರಿನಡಿ ಕೂರಿಸಿದ ಮನೆಯವರು ಪುಸ್ತಕಗಳ ಅಡಿಟಿಪ್ಪಣಿಗೆ ಇಳಿದರು. 1993ರಲ್ಲಿ ಅಯನ ಅಂಗಡಿಯವರು ತೀರಿಕೊಂಡರು.

ಇನ್ನೊಂದು ಮಾತು. ಲಂಡನ್ನಿಗೆ ಸಿತಾರ ಹೊಸದಾಗಿದ್ದಾಗ ಧಾರವಾಡಕ್ಕೆ ಅದು ಹಳೇದು. ಬೀನ್‌ಕಾರ ಬಂದೇ ಅಲಿ ಖಾನರ ಶಿಷ್ಯ, ಸಿತಾರ ರತ್ನ ರಹಿಮತ್ ಖಾನರು ಧಾರವಾಡದಲ್ಲಿ ನೆಲೆ ನಿಂತು ಭಾರತೀಯ ಸಂಗೀತ ವಿದ್ಯಾಲಯ ಕಟ್ಟಿದವರು. ಅವರು 1954ರಲ್ಲಿ ತೀರಿಹೋದರು, ಅಂದರೆ ಬೀಟಲ್ಸ್ ಅನ್ನೋ ತಂಡ ಹುಟ್ಟುವ ಮೊದಲೇ. ಅವರ ಮೊಮ್ಮಗ ಉಸ್ತಾದ್ ಬಾಲೇಖಾನರ ಸಿತಾರವನ್ನ 2007ರವರೆಗೂ ನಾವು ಕೇಳಿದ್ದೇವೆ. ಬೀಟಲ್ಸ್‌ನ ಹೆಸರು ಬಾಯಿಪಾಠ ಇರುವ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ರಹಿಮತ್ ಖಾನರ ಹೆಸರು ಗೊತ್ತು? ಲಂಡನ್ನಿನವರು ಹೆಸರು ಮರೆತರು ಅಂತ ಬೈಯುವ ಮೊದಲು ನಮ್ಮ ಕಡೆಗೂ ಒಮ್ಮೆ ತಿರುಗಿ ನೋಡಬೇಕಲ್ಲವೇ?

ಹೆಸರು ಉಳಿಯೋದು ತಾನಾಗೇ ಅಲ್ಲ, ಯಾರೋ ಕೂತು ಬರೆದಿಡಬೇಕು. ಇದಕ್ಕೆ ಸಾಕ್ಷಿ ಅಣ್ಣಿಗೇರಿಯಲ್ಲೇ ಇದೆ. ಪಂಪನಿಗೂ ಅಣ್ಣಿಗೇರಿಗೂ ನಂಟು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ತೀವಿ. ಪಂಪ ಆಶ್ರಯ ಪಡೆದದ್ದು ದೂರದ ವೇಮುಲವಾಡದ ಅರಿಕೇಸರಿಯಲ್ಲಿ. ಹಾಗಾದರೆ ಈ ನಂಟು ಹೇಗೆ ಗೊತ್ತಾಯಿತು? ಅವನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಯಲ್ಲಿ ಕೆತ್ತಿಸಿದ ಶಾಸನದಿಂದ. ತಮ್ಮ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಂತ ಅಲ್ಲಿ ಬರೆಸಿದ್ದಾನೆ. ಸಾವಿರ ವರ್ಷದ ಹಿಂದೆ ಒಬ್ಬ ತಮ್ಮ ಕಲ್ಲಿನ ಮೇಲೆ ತಾಯಿಯ ಹೆಸರು ಬರೆಸದೇ ಹೋಗಿದ್ದರೆ, ಆವತ್ತು ನಾನು ಅಲ್ಲಿ ಕ್ಯಾಮೆರಾ ಹಿಡಿದು ಕೂರುತ್ತಲೇ ಇರಲಿಲ್ಲ.

ಅಯನ ದೇವ ಅಂಗಡಿಯವರಿಗೆ ಕಲ್ಲು ಬೇಡ, ಪುತ್ಥಳಿ ಬೇಡ, ವೃತ್ತಕ್ಕೆ ಹೆಸರಿಡುವ ಗದ್ದಲವೂ ಬೇಡ. ನಮ್ಮ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗದವರು, ಇತಿಹಾಸ ವಿಭಾಗದವರು ಕನ್ನಡದಲ್ಲಿ ಅವರದೊಂದು ಸರಿಯಾದ ಜೀವನಚರಿತ್ರೆ ಬರೆಸಲಿ. ಜಕನೂರಿನ ಶಾಲೆಯ ಮಕ್ಕಳಿಗೆ ಮಾಸ್ತರರು ಈ ಕತೆ ಹೇಳಲಿ. ಅಷ್ಟು ಸಾಕು.

ಅಜ್ಜಾರ, ಆವತ್ತು ನಿಮಗೆ ಉತ್ತರ ಕೊಡಲಿಲ್ಲ. ಇವತ್ತು ಹೇಳ್ತೀನಿ, ಕೇಳ್ರಿ. ತಂಬೂರಿ ಬಾರಿಸಿದವರು ಬುದ್ಧದೇವ್ ಕನ್ಸಾರಾ. ಅವರನ್ನ ಅಲ್ಲಿಗೆ ಕಳಿಸಿದ್ದು ನಮ್ಮ ಅಂಗಡಿಯವರ ಸಂಸ್ಥೆ.