ಇಂಗ್ಲೆಂಡಿನ ಪ್ಯಾರಿಷ್ ಚರಿತ್ರೆಯ ಸಂಶೋಧನೆ

ಪ್ಯಾರಿಷ್ ಎಂದರೆ ಒಂದು ಚರ್ಚಿಗೂ ಅದರ ಪಾದ್ರಿಗೂ ಒಳಪಟ್ಟ ಸೀಮೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಧರ್ಮಕಾರ್ಯವಷ್ಟೇ ಅಲ್ಲದೆ ಬಡವರ ಪೋಷಣೆ, ರಸ್ತೆಗಳ ದುರಸ್ತಿ ಮೊದಲಾದ ಲೌಕಿಕ ವ್ಯವಹಾರಗಳೂ ದೀರ್ಘಕಾಲ ಈ ಸೀಮೆಯ ಪರಿಧಿಯಲ್ಲಿಯೇ ನಡೆದುಬಂದುದರಿಂದ, ಅಲ್ಲಿನ ಗ್ರಾಮದ ಮತ್ತು ಕುಲದ ಚರಿತ್ರೆಯನ್ನು ಅರಸುವವನು ಮೊದಲು ಪ್ಯಾರಿಷ್ಷಿನ ಕಡತಗಳನ್ನೇ ಆಶ್ರಯಿಸಬೇಕಾಗುತ್ತದೆ.

1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪ್ರತಿಯೊಂದು ಪ್ಯಾರಿಷ್ಷಿನಲ್ಲಿಯೂ ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಆಜ್ಞಾಪಿಸಿದಾಗ, ಇದು ಹೊಸ ತೆರಿಗೆಯೊಂದರ ಪೀಠಿಕೆಯೆಂದು ಜನರು ಶಂಕಿಸಿದರು. 1598ರಲ್ಲಿ ಹಳೆಯ ಕಾಗದದ ಪುಸ್ತಕಗಳನ್ನು, ವಿಶೇಷವಾಗಿ ಎಲಿಜಬೆತ್ ರಾಣಿಯು ಪಟ್ಟವೇರಿದ ವರ್ಷದಿಂದ ಮೊದಲುಗೊಂಡು, ಚರ್ಮಪತ್ರಕ್ಕೆ ಪ್ರತಿಮಾಡಬೇಕೆಂದು ವಿಧಿಸಲಾಯಿತು. ಅನೇಕ ಪುಸ್ತಕಗಳು 1558ರಿಂದ ಆರಂಭವಾಗುವುದಕ್ಕೆ ಇದೇ ಕಾರಣ. 1752ಕ್ಕೆ ಮುಂಚೆ ಅಲ್ಲಿ ವರ್ಷವು ಮಾರ್ಚ್ 25ರಂದು ಮೊದಲಾಗುತ್ತಿದ್ದುದನ್ನು ಮರೆತ ಸಂಶೋಧಕನು ಮಗುವಿನ ಜನನವನ್ನು ತಂದೆತಾಯಿಗಳ ವಿವಾಹಕ್ಕಿಂತ ಹಿಂದೆ ಇಟ್ಟುಬಿಡುವ ಅಪಾಯವುಂಟು.

ಆದರೆ ಹುಟ್ಟು ಸಾವುಗಳ ಒಣ ನಮೂದುಗಳಿಗಿಂತ ಬಡವರ ಕಾಯಿದೆಯ ಕಾಗದಪತ್ರಗಳೇ ಹೆಚ್ಚು ಬೆಲೆಯುಳ್ಳವೆಂದು ಹೇಳಬೇಕು. 1601ರ ಶಾಸನವು ಬಡವರ ಭಾರವನ್ನು ಪ್ಯಾರಿಷ್ಷಿನ ತೆರಿಗೆದಾರರ ಮೇಲೆ ಹೊರಿಸಿತು. 1662ರ ಶಾಸನವು, ಮುಂದೆ ಪೋಷಣೆಗೆ ಕೈಯೊಡ್ಡಬಹುದಾದ ಪರಸ್ಥಳದವನನ್ನು ಸ್ವಸ್ಥಳಕ್ಕೆ ಹಿಂದಟ್ಟುವ ಅಧಿಕಾರವನ್ನು ಕೊಟ್ಟಿತು. ಹೀಗಾಗಿ ನ್ಯಾಯಾಧಿಕಾರಿಗಳ ಮುಂದೆ ನಿಂತ ಕೂಲಿಯಾಳು, ತಾನೆಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿ ಎಷ್ಟು ಕಾಲ ದುಡಿದೆ, ಪಡೆದ ಸಂಬಳವೆಷ್ಟು ಎಂಬುದನ್ನು ಪ್ರಮಾಣಪೂರ್ವಕವಾಗಿ ಹೇಳಬೇಕಾಗುತ್ತಿತ್ತು. ಪ್ಯಾರಿಷ್ ತನ್ನ ಖರ್ಚನ್ನು ತಪ್ಪಿಸಿಕೊಳ್ಳಲೆಂದು ಬರೆಯಿಸಿದ ಈ ಹೇಳಿಕೆಗಳಲ್ಲಿ, ತಮ್ಮ ಹೆಸರನ್ನು ಕೂಡ ಬರೆಯಲರಿಯದಿದ್ದ ಎಷ್ಟೋ ಮಂದಿಯ ಜೀವನವೃತ್ತಾಂತವು ಉಳಿದುಬಂದಿದೆ.

ಪ್ಯಾರಿಷ್ ಚರಿತ್ರಕಾರರಲ್ಲಿ ರಿಚರ್ಡ್ ಗಫ್ ಎಂಬವನಿಗೆ ವಿಶಿಷ್ಟವಾದ ಸ್ಥಾನವಿದೆ. ಷ್ರಾಪ್‌ಷೈರಿನ ಮಿಡ್ಲ್ ಗ್ರಾಮದವನಾದ ಆತನು, 1700ರಿಂದ 1702ರವರೆಗೆ, ಅರುವತ್ತು ದಾಟಿದ ವಯಸ್ಸಿನಲ್ಲಿ, ಊರಿನ ಚರ್ಚಿನ ಆಸನಪಂಕ್ತಿಗಳನ್ನೇ ಕ್ರಮವಾಗಿಟ್ಟುಕೊಂಡು, ಒಂದೊಂದು ಆಸನಕ್ಕೂ ಹಕ್ಕುಳ್ಳ ಮನೆತನದ ಸಾಲ, ಕುಡಿತ, ವ್ಯಾಜ್ಯ, ಕೊಲೆಗಳನ್ನೂ ಒಳ್ಳೆಯತನವನ್ನೂ ಮರೆಮಾಚದೆ ಬರೆದನು. ಉಳಿದ ಪ್ರಾಚೀನ ಲೇಖಕರು ಬಹುಮಟ್ಟಿಗೆ ಜಮೀನ್ದಾರರ ವಂಶಾವಳಿಗಳಲ್ಲಿಯೇ ತೃಪ್ತರಾದರು.

ವಿಶ್ವವಿದ್ಯಾನಿಲಯದಲ್ಲಿ ಈ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವು ದೊರೆತದ್ದು 1948ರಲ್ಲಿ, ಲೆಸ್ಟರಿನಲ್ಲಿ, ಡಬ್ಲ್ಯು. ಜಿ. ಹಾಸ್ಕಿನ್ಸರ ನೇತೃತ್ವದಲ್ಲಿ. ಹೊಲದ ಬದು, ಬೇಲಿ, ಕಾಲುದಾರಿಗಳನ್ನೂ ಕಡತಗಳಂತೆ ಓದುವುದನ್ನು ಅವರು ಕಲಿಸಿದರು. 1966ರಲ್ಲಿ ಇ. ಎ. ರಿಗ್ಲಿಯವರು ಡೆವನ್ನಿನ ಕಾಲಿಟನ್ ಪ್ಯಾರಿಷ್ಷಿನ ನಮೂದುಗಳನ್ನು ಕುಟುಂಬಕುಟುಂಬವಾಗಿ ಜೋಡಿಸಿ, 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಸ್ತ್ರೀಯರ ಪ್ರಥಮ ವಿವಾಹದ ಸರಾಸರಿ ವಯಸ್ಸು 30ರ ಸಮೀಪದಲ್ಲಿತ್ತೆಂದು ತೋರಿಸಿಕೊಟ್ಟರು.