ಮುಕ್ತ ಜಿಐಎಸ್ ತಂತ್ರಾಂಶಗಳ ಇತಿಹಾಸ

ಭೂಮಿಯ ಮೇಲಿನ ಸಂಗತಿಗಳನ್ನು ಅವು ಇರುವ ಜಾಗದ ಸಮೇತ ದಾಖಲಿಸಿ, ಪದರದ ಮೇಲೆ ಪದರವಿಟ್ಟು ಹೋಲಿಸಿ, ಅಳೆದು, ನಕ್ಷೆಯಾಗಿ ತೋರಿಸುವ ಗಣಕ ಏರ್ಪಾಡಿಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಅಥವಾ ಜಿಐಎಸ್ ಎಂದು ಹೆಸರು. ಈ ಕೆಲಸದ ತಂತ್ರಾಂಶಗಳ ಪೈಕಿ ಯಾರು ಬೇಕಾದರೂ ಬಳಸಬಹುದಾದ, ಆಕರ ಸಂಕೇತವನ್ನು ಬಿಚ್ಚಿ ಓದಬಹುದಾದ, ತಿದ್ದಿ ಇತರರಿಗೆ ಹಂಚಬಹುದಾದ ಪರವಾನಗಿ ಇರುವಂಥವು ಮುಕ್ತ ಜಿಐಎಸ್ ತಂತ್ರಾಂಶಗಳು. ಗ್ರಾಸ್, ಕ್ಯೂಜಿಐಎಸ್, ಪೋಸ್ಟ್‌ಜಿಐಎಸ್, ಮ್ಯಾಪ್‌ಸರ್ವರ್, ಜಿಯೋಸರ್ವರ್ ಇವುಗಳಲ್ಲಿ ಮುಖ್ಯವಾದವು. ಪುಕ್ಕಟೆ ಸಿಗುವುದು ಇವುಗಳ ಎದ್ದು ಕಾಣುವ ಗುಣ. ಆದರೆ ನಾಲ್ಕು ದಶಕಗಳ ಇತಿಹಾಸದಲ್ಲಿ ಇವನ್ನು ಉಳಿಸಿದ್ದು ಇನ್ನೊಂದು ಗುಣ: ಹುಟ್ಟುಹಾಕಿದವರು ಕೈಬಿಟ್ಟ ಮೇಲೂ ಬೇರೊಬ್ಬರು ಎತ್ತಿಕೊಂಡು ನಡೆಸಲು ಇರುವ ಅವಕಾಶ.

ಹಿನ್ನೆಲೆ

1960ರ ದಶಕದಲ್ಲಿ ಕೆನಡಾ ಸರ್ಕಾರ ತನ್ನ ನೆಲದ ಬಳಕೆಯ ಲೆಕ್ಕ ತೆಗೆಯಲು ರೋಜರ್ ಟಾಮ್ಲಿನ್ಸನ್ ಅವರ ಮುಂದಾಳತ್ವದಲ್ಲಿ ಕಟ್ಟಿಸಿದ ವ್ಯವಸ್ಥೆಯಿಂದ ಜಿಐಎಸ್ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. 1965ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊವರ್ಡ್ ಫಿಶರ್ ಸ್ಥಾಪಿಸಿದ ಪ್ರಯೋಗಾಲಯ ಗಣಕದಲ್ಲಿ ನಕ್ಷೆ ಅಚ್ಚು ಹಾಕುವ ವಿಧಾನಗಳನ್ನು ರೂಪಿಸಿತು. ಆಗ ‘ಮುಕ್ತ ತಂತ್ರಾಂಶ’ ಎಂಬ ಮಾತು ಇನ್ನೂ ಹುಟ್ಟಿರಲಿಲ್ಲ. ಆದರೆ ಅಮೆರಿಕದ ಕಾನೂನಿನಲ್ಲಿ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ ಕೃತಿಸ್ವಾಮ್ಯವಿಲ್ಲ. ಅದು ಸಾರ್ವಜನಿಕ ಸ್ವತ್ತು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಬೆಳೆಸಿದ ‘ಮಾಸ್’ ಎಂಬ ತಂತ್ರಾಂಶ ಈ ಕಾರಣದಿಂದಲೇ ಇಲಾಖೆಯಿಂದ ಇಲಾಖೆಗೆ ಸುಲಭವಾಗಿ ದಾಟಿತು.

ಗ್ರಾಸ್

ಇಂದಿಗೂ ಬೆಳೆಯುತ್ತಿರುವ ಮುಕ್ತ ಜಿಐಎಸ್‌ಗಳಲ್ಲಿ ಹಿರಿಯದು ಗ್ರಾಸ್. ಇಲಿನಾಯ್ ರಾಜ್ಯದ ಶಾಂಪೇನ್‌ನಲ್ಲಿರುವ ಅಮೆರಿಕ ಸೇನೆಯ ನಿರ್ಮಾಣ ಎಂಜಿನಿಯರಿಂಗ್ ಸಂಶೋಧನಾಲಯ 1982ರಲ್ಲಿ ಇದರ ಕೆಲಸ ಕೈಗೆತ್ತಿಕೊಂಡಿತು. ಟ್ಯಾಂಕು ಓಡಾಡುವ, ಗುಂಡು ಹಾರಿಸುವ ತಾಲೀಮು ಮೈದಾನಗಳಲ್ಲಿ ಮಣ್ಣು ಎಷ್ಟು ಕೊಚ್ಚಿಹೋಗುತ್ತಿದೆ, ಯಾವ ಪ್ರಾಣಿಯ ನೆಲೆ ಹಾಳಾಗುತ್ತಿದೆ ಎಂಬುದಕ್ಕೆ ಪರಿಸರ ಕಾನೂನುಗಳಡಿ ಸೇನೆಯೂ ಲೆಕ್ಕ ಕೊಡಬೇಕಿತ್ತು. ಮೊದಲ ಪ್ರಯೋಗ ನಡೆದದ್ದು ಟೆಕ್ಸಾಸಿನ ಫೋರ್ಟ್ ಹುಡ್ ನೆಲೆಯಲ್ಲಿ. ಯುನಿಕ್ಸ್ ಮೇಲೆ, ಸಿ ಭಾಷೆಯಲ್ಲಿ ಬರೆದ ಈ ತಂತ್ರಾಂಶ ವಿಶ್ವವಿದ್ಯಾಲಯಗಳಿಗೂ ನಾಗರಿಕ ಇಲಾಖೆಗಳಿಗೂ ಹರಡಿತು. 1987ರಲ್ಲಿ ಇದರ ಪರಿಚಯಕ್ಕೆಂದು ತಯಾರಾದ ವಿಡಿಯೋಗೆ ದನಿ ಕೊಟ್ಟವರು ‘ಸ್ಟಾರ್ ಟ್ರೆಕ್’ ಧಾರಾವಾಹಿಯ ನಟ ವಿಲಿಯಂ ಶಾಟ್ನರ್.

ಗ್ರಾಸ್ ಎಂದರೆ ಒಂದೊಂದೇ ಕೆಲಸ ಮಾಡುವ ನೂರಾರು ಚಿಕ್ಕ ಆದೇಶಗಳ ಗೊಂಚಲು. ಆದೇಶದ ಮೊದಲ ಅಕ್ಷರವೇ ಅದರ ಕುಲ ಹೇಳುತ್ತದೆ: ‘ಆರ್’ ಎಂದಿದ್ದರೆ ಚೌಕಗಳ ಜಾಲವಾಗಿ ಕೂಡಿಟ್ಟ ರಾಸ್ಟರ್ ನಕ್ಷೆ, ‘ವಿ’ ಎಂದಿದ್ದರೆ ಬಿಂದು, ಗೆರೆ, ಆವರಣಗಳ ವೆಕ್ಟರ್ ನಕ್ಷೆ. ‘ಆರ್.ವಾಟರ್‌ಶೆಡ್’ ಎಂಬ ಆದೇಶಕ್ಕೆ ನೆಲದ ಎತ್ತರಗಳ ರಾಸ್ಟರ್ ಕೊಟ್ಟರೆ, ಪ್ರತಿ ಚೌಕದಿಂದ ನೀರು ಯಾವ ಕಡೆ ಇಳಿಯುತ್ತದೆ, ಒಂದು ಚೌಕಕ್ಕೆ ಮೇಲಿನ ಎಷ್ಟು ಚೌಕಗಳ ನೀರು ಬಂದು ಸೇರುತ್ತದೆ ಎಂದು ಎಣಿಸುತ್ತದೆ. ಎಣಿಕೆ ಹೆಚ್ಚಿರುವ ಚೌಕಗಳು ಸಾಲಾಗಿ ನಿಂತು ಹಳ್ಳ ತೊರೆಗಳ ಗೆರೆ ಮೂಡುತ್ತದೆ. ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಹರಿಯುತ್ತಿದ್ದ ಬೆಂಗಳೂರಿನಂಥ ಊರಿನಲ್ಲಿ, ಮುಚ್ಚಿಹೋದ ರಾಜಕಾಲುವೆಯ ಜಾಡು ಹಿಡಿಯಲು ಈ ಬಗೆಯ ಲೆಕ್ಕವೇ ಮೊದಲ ಹೆಜ್ಜೆ.

1990ರ ದಶಕದ ನಡುವಿನಲ್ಲಿ ಸೇನೆಯ ಸಂಶೋಧನಾಲಯ ಗ್ರಾಸ್‌ನಿಂದ ಹಿಂದೆ ಸರಿಯಿತು. ಹಣವೂ ಇಲ್ಲದ, ವಾರಸುದಾರರೂ ಇಲ್ಲದ ಆ ಹೊತ್ತಿನಲ್ಲಿ ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯ 1997ರಲ್ಲಿ 4.2 ಆವೃತ್ತಿಯನ್ನು ಹೊರತಂದಿತು. ಬಳಿಕ ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕುಸ್ ನೆಟೆಲರ್ ಮುಂದಾಳತ್ವ ವಹಿಸಿದರು. 1999ರಲ್ಲಿ ಗ್ರಾಸ್ ಜಿಪಿಎಲ್ ಪರವಾನಗಿಗೆ ಬಂತು. ಸಾರ್ವಜನಿಕ ಸ್ವತ್ತಾಗಿದ್ದಾಗ ಯಾರಾದರೂ ಸಂಕೇತವನ್ನು ತೆಗೆದುಕೊಂಡು, ತಿದ್ದಿ, ಬೀಗ ಹಾಕಿ ಮಾರಬಹುದಿತ್ತು. ಜಿಪಿಎಲ್ ಪ್ರಕಾರ ತಿದ್ದಿ ಹಂಚುವವರು ತಿದ್ದುಪಡಿಯನ್ನೂ ತೆರೆದಿಡಲೇಬೇಕು.

ಪ್ರಾಜ್ ಮತ್ತು ಜಿಡಾಲ್

ಹೆಸರು ಗೊತ್ತಿಲ್ಲದೆಯೇ ಎಲ್ಲರೂ ಬಳಸುವ ಎರಡು ಲೈಬ್ರರಿಗಳು ಈ ಚರಿತ್ರೆಯ ಕೀಲುಗಳು. ಮೊದಲನೆಯದು ಪ್ರಾಜ್. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆರಾಲ್ಡ್ ಎವೆಂಡೆನ್ 1980ರ ದಶಕದ ಆದಿಯಲ್ಲಿ ಇದನ್ನು ಬರೆಯತೊಡಗಿದರು. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ಲೆಕ್ಕ ಇದರ ಕೆಲಸ. ಯುಟಿಎಂ ಪದ್ಧತಿ ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಹಂಚುತ್ತದೆ. 78 ಡಿಗ್ರಿ ಪೂರ್ವ ರೇಖಾಂಶ ಎರಡು ಪಟ್ಟಿಗಳ ನಡುವಿನ ಗಡಿಯಾದ್ದರಿಂದ ಬೆಂಗಳೂರು 43ನೆಯ ಪಟ್ಟಿಯಲ್ಲಿ, ಕೋಲಾರ ಪಟ್ಟಣ 44ನೆಯ ಪಟ್ಟಿಯಲ್ಲಿ ಬೀಳುತ್ತವೆ. ಎರಡನ್ನೂ ಒಂದೇ ನಕ್ಷೆಗೆ ತರಬೇಕಾದರೆ ಒಂದರ ಅಳತೆಯನ್ನು ಇನ್ನೊಂದಕ್ಕೆ ಬದಲಾಯಿಸಲೇಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಆಕಾರವನ್ನು ಆಧರಿಸಿವೆ; ಇಂದಿನ ಜಿಪಿಎಸ್ ಬೇರೊಂದು ಆಕಾರವನ್ನು ಆಧರಿಸಿದೆ. ಈ ವ್ಯತ್ಯಾಸವನ್ನು ಸರಿಪಡಿಸದೆ ಒಂದರ ಮೇಲೊಂದು ಇಟ್ಟರೆ ಏರಿಯ ಮೇಲಿನ ರಸ್ತೆ ಕೆರೆಯೊಳಗೆ ಇಳಿದಂತೆ ಕಾಣುತ್ತದೆ.

ಎರಡನೆಯದು ಜಿಡಾಲ್. ಕೆನಡಾದ ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಇದನ್ನು ಆರಂಭಿಸಿದರು. ಒಂದೊಂದು ಉಪಗ್ರಹ ಸಂಸ್ಥೆಗೆ, ಒಂದೊಂದು ಕಂಪನಿಗೆ ಒಂದೊಂದು ಬಗೆಯ ಕಡತ ಇದ್ದ ಕಾಲದಲ್ಲಿ ಎಲ್ಲವನ್ನೂ ಓದಿ, ಒಂದರಿಂದ ಇನ್ನೊಂದಕ್ಕೆ ಬದಲಿಸಿಕೊಡುವ ದುಭಾಷಿಯಾಗಿ ಅದು ಬೆಳೆಯಿತು. ಮುಂದೆ ಪ್ರಾಜ್‌ನ ಉಸ್ತುವಾರಿಯೂ ವಾರ್ಮರ್‌ಡ್ಯಾಮ್ ಅವರಿಗೇ ಬಂತು. ಅವರ ನಂತರ ಫ್ರಾನ್ಸಿನ ಈವನ್ ರುವೋ ಎರಡರ ಹೊರೆಯನ್ನೂ ಹೊತ್ತರು. ಪರವಾನಗಿ ಸಡಿಲವಾಗಿರುವುದರಿಂದ ಆರ್ಕ್‌ಜಿಐಎಸ್, ಗೂಗಲ್ ಅರ್ಥ್‌ನಂಥ ಬೀಗ ಹಾಕಿದ ತಂತ್ರಾಂಶಗಳ ಒಳಗೂ ಜಿಡಾಲ್ ಇದೆ.

ಜಾಲತಾಣ ಮತ್ತು ದತ್ತಸಂಚಯ

ಮಿನೆಸೋಟ ವಿಶ್ವವಿದ್ಯಾಲಯ, ನಾಸಾ ಮತ್ತು ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸೇರಿ ಅರಣ್ಯ ಮಾಹಿತಿಯನ್ನು ಹಂಚಲು 1990ರ ದಶಕದಲ್ಲಿ ಕೈಗೊಂಡ ಯೋಜನೆಯಿಂದ ಮ್ಯಾಪ್‌ಸರ್ವರ್ ಹುಟ್ಟಿತು. ಇದರ ಮುಖ್ಯ ಕರ್ತೃ ಸ್ಟೀವ್ ಲೈಮ್. ಬ್ರೌಸರ್ ಕೇಳಿದ ಜಾಗದ ನಕ್ಷೆಯನ್ನು ಅಲ್ಲೇ ಬರೆದು ಚಿತ್ರವಾಗಿ ಕಳಿಸುವುದು ಇದರ ರೀತಿ. ಜಾವಾ ಭಾಷೆಯ ಜಿಯೋಸರ್ವರ್ 2001ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಯಿತು. ಬ್ರೌಸರಿನಲ್ಲೇ ನಕ್ಷೆಯನ್ನು ಎಳೆದಾಡಿಸುವ ಓಪನ್‌ಲೇಯರ್ಸ್ 2006ರಲ್ಲಿ ಬಂತು. ಉಕ್ರೇನಿನ ವೊಲೊದಿಮಿರ್ ಅಗಾಫೊಂಕಿನ್ ಬರೆದ ಪುಟ್ಟ ಲೀಫ್ಲೆಟ್ 2011ರಲ್ಲಿ ಬಂತು.

ಕೆನಡಾದ ವಿಕ್ಟೋರಿಯಾ ನಗರದ ರಿಫ್ರಾಕ್ಷನ್ಸ್ ರಿಸರ್ಚ್ ಕಂಪನಿ 2001ರಲ್ಲಿ ಪೋಸ್ಟ್‌ಗ್ರೆಸ್ ದತ್ತಸಂಚಯಕ್ಕೆ ಪೋಸ್ಟ್‌ಜಿಐಎಸ್ ಎಂಬ ವಿಸ್ತರಣೆಯನ್ನು ಜೋಡಿಸಿತು. ‘ಆಸ್ಪತ್ರೆಯಿಂದ 2 ಕಿಲೋಮೀಟರ್ ಒಳಗಿನ ಶಾಲೆಗಳು ಯಾವುವು’ ಎಂಬ ಪ್ರಶ್ನೆಯನ್ನು ಸಾಮಾನ್ಯ ಎಸ್‌ಕ್ಯೂಎಲ್ ಸಾಲಿನಲ್ಲೇ ಕೇಳುವುದು ಇದರಿಂದ ಸಾಧ್ಯವಾಯಿತು. ಫ್ರಾನ್ಸಿನ ರಾಷ್ಟ್ರೀಯ ನಕ್ಷಾ ಸಂಸ್ಥೆಯೂ ಇದನ್ನೇ ಆರಿಸಿಕೊಂಡಿತು.

ಕ್ಯೂಜಿಐಎಸ್

ಪೋಸ್ಟ್‌ಜಿಐಎಸ್‌ನಲ್ಲಿ ಕೂಡಿಟ್ಟದ್ದನ್ನು ಲಿನಕ್ಸ್ ಪರದೆಯ ಮೇಲೆ ನೋಡುವ ಸರಳ ಸಾಧನವೊಂದು ಅಲಾಸ್ಕಾದ ಗ್ಯಾರಿ ಶರ್ಮನ್ ಅವರಿಗೆ ಬೇಕಿತ್ತು. 2002ರಲ್ಲಿ ಅವರು ಬರೆದ ಕ್ವಾಂಟಮ್ ಜಿಐಎಸ್‌ನ ಮೊದಲ ಆವೃತ್ತಿ ಪದರಗಳನ್ನು ತೋರಿಸುವುದಕ್ಕಷ್ಟೇ ಶಕ್ತವಾಗಿತ್ತು. 2009ರ ಜನವರಿಯಲ್ಲಿ 1.0 ಆವೃತ್ತಿ ಹೊರಬಂತು. 2013ರ 2.0 ಆವೃತ್ತಿಯ ಹೊತ್ತಿಗೆ ಹೆಸರು ಕ್ಯೂಜಿಐಎಸ್ ಎಂದು ಗಿಡ್ಡವಾಯಿತು. ಪೈಥಾನ್‌ನಲ್ಲಿ ಪ್ಲಗಿನ್ ಬರೆಯುವ ಅನುಕೂಲ ಇದನ್ನು ಜನಪ್ರಿಯಗೊಳಿಸಿತು. ಇಂದು ಇಂಥ ಪ್ಲಗಿನ್‌ಗಳು ಸಾವಿರಕ್ಕೂ ಹೆಚ್ಚು. ಕೆಲಸಗಾರರು ಸಭೆ ಸೇರಿದ ಊರುಗಳ ಹೆಸರನ್ನು ಆವೃತ್ತಿಗೆ ಇಡುವುದು ಇಲ್ಲಿನ ರೂಢಿ. 2018ರ 3.0 ಆವೃತ್ತಿಗೆ ಸ್ಪೇನಿನ ಗಿರೋನಾ ಊರಿನ ಹೆಸರಿದೆ.

ಈ ಆವೃತ್ತಿಯಿಂದ ಜಿಯೋಪ್ಯಾಕೇಜ್ ಎಂಬ ಕಡತ ರೂಪಕ್ಕೆ ಮೊದಲ ಮಣೆ ಸಿಕ್ಕಿತು. ಕನ್ನಡದಲ್ಲಿ ನಕ್ಷೆ ಮಾಡುವವರಿಗೆ ಇದರ ಬೆಲೆ ಗೊತ್ತು. ಅದಕ್ಕೂ ಮುಂಚೆ ಎಲ್ಲೆಡೆ ಚಲಾವಣೆಯಲ್ಲಿದ್ದ ಶೇಪ್‌ಫೈಲ್‌ನಲ್ಲಿ ಕಾಲಮ್ಮಿನ ಹೆಸರಿಗೆ ಸಿಗುವುದು 10 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಗ್ರಾಮ’ ಎಂಬ ಎರಡಕ್ಷರದ ಪದದಲ್ಲಿ ಗಕಾರ, ವಿರಾಮ, ರಕಾರ, ದೀರ್ಘ, ಮಕಾರ ಎಂದು 5 ಸಂಕೇತಗಳಿವೆ. ಒಟ್ಟು 15 ಬೈಟ್. ‘ಗ್ರಾಮ’ ಎಂಬ ತಲೆಬರಹವೇ ಅಲ್ಲಿ ಹಿಡಿಸುವುದಿಲ್ಲ. ಜಿಯೋಪ್ಯಾಕೇಜ್‌ಗೆ ಈ ತೊಡಕಿಲ್ಲ.

ಓಎಸ್‌ಜಿಯೋ ಪ್ರತಿಷ್ಠಾನ

2005ರ ಕೊನೆಯಲ್ಲಿ ಆಟೋಡೆಸ್ಕ್ ಕಂಪನಿ ತನ್ನ ಮ್ಯಾಪ್‌ಗೈಡ್ ತಂತ್ರಾಂಶವನ್ನು ಮುಕ್ತಗೊಳಿಸಲು ಮುಂದಾಯಿತು. ಅದಕ್ಕೆ ‘ಮ್ಯಾಪ್‌ಸರ್ವರ್ ಎಂಟರ್‌ಪ್ರೈಸ್’ ಎಂದೂ, ಮೊದಲಿನಿಂದ ಇದ್ದ ಮ್ಯಾಪ್‌ಸರ್ವರಿಗೆ ‘ಚೀತಾ’ ಎಂದೂ ಹೆಸರಿಡುವ ಪ್ರಸ್ತಾಪ ಬಂದಾಗ ಬಳಗದವರು ಸಿಡಿದೆದ್ದರು. ಹೆಸರಿನ ಜಗಳ ಒಡೆತನದ ಪ್ರಶ್ನೆಯಾಗಿ, ಕೊನೆಗೆ 2006ರ ಫೆಬ್ರವರಿಯಲ್ಲಿ ಶಿಕಾಗೋದಲ್ಲಿ ಸೇರಿದ ಸಭೆ ಯಾವ ಒಂದು ತಂತ್ರಾಂಶಕ್ಕೂ ಸೀಮಿತವಲ್ಲದ ಓಎಸ್‌ಜಿಯೋ ಪ್ರತಿಷ್ಠಾನವನ್ನು ಕಟ್ಟಿತು. ಅದರ ಆಶ್ರಯದಲ್ಲಿ ನಡೆಯುವ ‘ಫಾಸ್‌ಫೋರ್‌ಜಿ’ ಸಮ್ಮೇಳನದ ಬೇರು 2004ರ ಬ್ಯಾಂಕಾಕ್ ಸಭೆಯಲ್ಲಿದೆ. ಈ ಕ್ಷೇತ್ರದ ದೊಡ್ಡ ಗೌರವವಾದ ಸಾಲ್ ಕಾಟ್ಜ್ ಪ್ರಶಸ್ತಿ 2005ರಲ್ಲಿ ವಾರ್ಮರ್‌ಡ್ಯಾಮ್ ಅವರಿಗೆ, 2012ರಲ್ಲಿ ಜಪಾನಿನ ಒಸಾಕಾದಲ್ಲಿ ಪ್ರಾಧ್ಯಾಪಕರಾಗಿದ್ದ ವೆಂಕಟೇಶ್ ರಾಘವನ್ ಅವರಿಗೆ ಸಂದಿತು.

ಭಾರತ ಮತ್ತು ಕರ್ನಾಟಕ

ದೆಹರಾದೂನಿನ ಭಾರತೀಯ ದೂರಸಂವೇದಿ ಸಂಸ್ಥೆ 1966ರಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ಸಹಯೋಗದಲ್ಲಿ, ಅಲ್ಲಿನ ಐಟಿಸಿ ಸಂಸ್ಥೆಯ ಮಾದರಿಯಲ್ಲಿ ಬೇರೆ ಹೆಸರಿನಿಂದ ಆರಂಭವಾಯಿತು. ಐಟಿಸಿಯವರು 1980ರ ದಶಕದಲ್ಲಿ ರೂಪಿಸಿದ ‘ಇಲ್ವಿಸ್’ ತಂತ್ರಾಂಶ ಭಾರತದ ತಜ್ಞರಿಗೂ ಪರಿಚಿತವಾಗಿತ್ತು. 2007ರಲ್ಲಿ ಅದರ ಆಕರ ಸಂಕೇತವನ್ನೂ ತೆರೆದಿಡಲಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಟಿ. ವಿ. ರಾಮಚಂದ್ರ ಅವರ ತಂಡ ಗ್ರಾಸ್ ಅನ್ನು ಬಳಕೆಗೆ ತಂದಿತು. ಆದೇಶ ಟೈಪಿಸುವ ಕಷ್ಟ ತಪ್ಪಿಸಲು ಗ್ರಾಸ್ ಮೇಲೆ ‘ಜಿಆರ್‌ಡಿಎಸ್‌ಎಸ್’ ಎಂಬ ಸಾಧನವನ್ನು ಕಟ್ಟಿತು. ಕೋಲಾರ ಜಿಲ್ಲೆಯ ನೆಲದ ಬಳಕೆ ಹೇಗೆ ಬದಲಾಗಿದೆ ಎಂಬ ಅಧ್ಯಯನಕ್ಕೆ ಅದನ್ನು ಬಳಸಿ, 2004ರ ಬ್ಯಾಂಕಾಕ್ ಸಭೆಯಲ್ಲಿ ಮಂಡಿಸಿತು.

ತಂತ್ರಾಂಶ ಮುಕ್ತವಾಗಿದ್ದರೂ ಭಾರತದಲ್ಲಿ ಬಹುಕಾಲ ನಕ್ಷೆಯ ದತ್ತಾಂಶಕ್ಕೆ ಬೀಗವಿತ್ತು. 2005ರ ರಾಷ್ಟ್ರೀಯ ನಕ್ಷಾ ನೀತಿ ಬಾಗಿಲನ್ನು ಸ್ವಲ್ಪ ಸರಿಸಿತು. 2021ರ ಫೆಬ್ರವರಿಯ ಮಾರ್ಗಸೂಚಿ ಬಹುತೇಕ ತೆರೆಯಿತು. ನಡುವಿನ ಕೊರತೆಯನ್ನು ತುಂಬಿದ್ದು ಉತ್ಸಾಹಿಗಳು. 2004ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಊರು ಕೇರಿಗಳ ಹೆಸರನ್ನು ಕನ್ನಡದಲ್ಲೂ ಸೇರಿಸಬಹುದು. ಅದಕ್ಕೆಂದೇ ಪ್ರತ್ಯೇಕ ಅಂಕಣವೊಂದು ಅಲ್ಲಿದೆ.

ಇಂದಿನ ಸ್ಥಿತಿ

ಗ್ರಾಸ್ 2022ರಲ್ಲಿ 8ನೆಯ ಆವೃತ್ತಿಯನ್ನು ತಲುಪಿತು. ಸೇನೆಯ ಕಾಲದ ‘ಆರ್.ವಾಟರ್‌ಶೆಡ್’ ಅದರಲ್ಲೂ ಇದೆ. ಹೊರೆ ಹೊರುವವರು ಬೆರಳೆಣಿಕೆಯಷ್ಟು ಮಂದಿ ಎಂಬುದು ಇಡೀ ಕ್ಷೇತ್ರದ ದೌರ್ಬಲ್ಯ. ಜಿಡಾಲ್‌ನಂಥ ಲೈಬ್ರರಿಯ ನಿತ್ಯದ ರಿಪೇರಿ ವರ್ಷಗಟ್ಟಲೆ ಒಬ್ಬಿಬ್ಬರ ಮೇಲೇ ನಿಂತಿತ್ತು. 2021ರಲ್ಲಿ ಅದಕ್ಕೆ ನಿಯಮಿತ ಪ್ರಾಯೋಜಕತ್ವದ ಏರ್ಪಾಡಾಯಿತು. ಹಣ ಕೊಡುವವರಲ್ಲಿ ಆರ್ಕ್‌ಜಿಐಎಸ್ ಮಾರುವ ಎಸ್ರಿ ಕಂಪನಿಯೂ ಇದೆ; ಅದು ಮಾರುವ ಸರಕಿನೊಳಗೂ ತಿರುಗುತ್ತಿರುವುದು ಇದೇ ಕೀಲು.